ಸೀಸದ ಬೆಲ್ಟ್

ಒಳಾಂಗಣ ಸ್ಕೈಡೈವಿಂಗ್ ಸ್ಪರ್ಧೆ ಹತ್ತಿರ ಬಂದಿತ್ತು. ಕೆಳಗಿನಿಂದ ಗಾಳಿ ನುಗ್ಗುವ ಗಾಜಿನ ಕೊಳವೆಯಲ್ಲಿ ನಾಲ್ವರು ಹೆಂಗಸರು ಕೈಕೈ ಹಿಡಿದು ಒಂದೇ ಎತ್ತರದಲ್ಲಿ ತೇಲಬೇಕಿತ್ತು. ಅವರಲ್ಲೇ ಸಣಕಲಾದ ಶಾಲ್ಮಲಿ ಮಾತ್ರ ಪ್ರತಿ ಸಲವೂ ಮೇಲಕ್ಕೆ ಹಾರಿ, ಕೈ ತಪ್ಪಿಹೋಗುತ್ತಿದ್ದಳು.

"ಡಯೆಟ್ ಮಾಡ್ತಿದೀಯಾ?" ತಂಡದ ನಾಯಕಿ ವಾರಿಜಾ ರೇಗಿದಳು. "ಸೊಂಟಕ್ಕೆ ಇನ್ನೊಂದು ಸೀಸದ ಬೆಲ್ಟ್ ಕಟ್ಕೋ."

"ಇಲ್ಲ ಅಕ್ಕಾ, ಚೆನ್ನಾಗೇ ತಿಂತಿದೀನಿ."

ತರಬೇತುದಾರ ಮಾಚಯ್ಯ ಶಾಲ್ಮಲಿಯನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ತೂಕ ಒಂದಿಷ್ಟೂ ಇಳಿದಿರಲಿಲ್ಲ. ಅವರು ವಾರಿಜಾಳ ಕಡೆ ತಿರುಗಿದರು.

"ನೀನು ಕೆಳಗೆ ಇಳೀತಿದ್ದೆ ಅಂತ ನಾನು ಗಾಳಿ ಜಾಸ್ತಿ ಮಾಡ್ತಾ ಬಂದೆ. ಅದಕ್ಕೇ ಇವಳು ಮೇಲೆ ಹೋಗ್ತಿದಾಳೆ. ಎಲ್ಲಿ, ನೀನು ಹತ್ತಮ್ಮ."

ವಾರಿಜಾ ಹತ್ತಲಿಲ್ಲ. ಈಚೆಗೆ ತೊಡುತ್ತಿದ್ದ ದೊಗಲೆ ಸೂಟಿನ ಮೇಲಿಂದಲೇ ಹೊಟ್ಟೆಗೆ ಕೈಯಿಟ್ಟು ನಿಂತಳು. ಶಾಲ್ಮಲಿ ಸಿಟ್ಟೆಲ್ಲ ಮರೆತು ಓಡಿಬಂದು ತಬ್ಬಿಕೊಂಡಳು.

"ಹೇಳೋದಲ್ವಾ ಅಕ್ಕಾ! ಎಷ್ಟು ತಿಂಗಳು?"

ವಾರಿಜಾ ಅವಳ ತೋಳು ಬಿಡಿಸಲಿಲ್ಲ.

"ಮಗು ಅಲ್ಲ ಕಣೇ, ಗೆಡ್ಡೆ. ಇನ್ನು ಮೂರು ತಿಂಗಳು ಅಂದಿದಾರೆ ಡಾಕ್ಟರು."