ಅಪ್ಪನ ವಾಚಿನ ಮುಳ್ಳು

ಚಿಮುಟದ ತುದಿಯಲ್ಲಿ ದೊಡ್ಡ ಮುಳ್ಳು ನಡುಗುತ್ತಿತ್ತು. ಕೆಟ್ಟುಹೋದ ಬೇರೊಂದು ವಾಚಿನಿಂದ ಕಿತ್ತ ಅದನ್ನು ತಂಗಿ ಉಸಿರು ಬಿಗಿಹಿಡಿದು ನಕಲಿ ವಾಚಿಗೆ ಕೂರಿಸುತ್ತಿದ್ದಳು. ತೀರಿಹೋದ ಅಪ್ಪನ ವಾಚನ್ನು ಅಣ್ಣ ಬಸ್ಸಿನಲ್ಲಿ ಕಳೆದುಕೊಂಡಿದ್ದ. ಅಮ್ಮನಿಗೆ ತಿಳಿಯುವ ಮೊದಲು ಈ ಅಗ್ಗದ ವಾಚು ಥೇಟ್ ಅದರಂತೆಯೇ ಕಾಣಬೇಕಿತ್ತು.

"ಬೇಗ ಮಾಡೇ, ಅಮ್ಮ ಬರೋ ಹೊತ್ತಾಯ್ತು. ನಾನು ಮುಂಬಾಗಿಲಲ್ಲಿ ಕಾಯ್ತೀನಿ," ಎಂದು ಅಣ್ಣ ಓಡಿದ.

ಮುಳ್ಳು ಕೂತಿತು. ತಲೆಯೆತ್ತಿದರೆ, ಹಿಂಬಾಗಿಲಿನಿಂದ ಬಂದ ಅಮ್ಮ ಪಕ್ಕದಲ್ಲೇ ನಿಂತಿದ್ದಳು!

ಅಮ್ಮ ಕನ್ನಡಕ ಸರಿಪಡಿಸಿಕೊಂಡು ವಾಚನ್ನೇ ದಿಟ್ಟಿಸಿದಳು. "ನಿಮ್ಮಪ್ಪನ ವಾಚಲ್ಲಿ ದೊಡ್ಡ ಮುಳ್ಳಿನ ತುದಿ ಒಂಚೂರು ಬಾಗಿತ್ತು. ಹಾಗೇ ಬಾಗಿಸು," ಎಂದು ಪಿಸುಗುಟ್ಟಿದಳು. "ನಾನು ನೋಡಿದೆ ಅಂತ ಅಣ್ಣಂಗೆ ಹೇಳ್ಬೇಡ. ಪಾಪ, ಮೂರು ದಿನದಿಂದ ಅವನು ನೆಟ್ಟಗೆ ಊಟಾನೇ ಮಾಡಿಲ್ಲ."