ಕೈ ಮುಟ್ಟದ ಸಾಲು

ಬಳ್ಳಾರಿಯಿಂದ ಹುಳ ಎಣಿಸುವ ಸಾಹೇಬರು ಬರುವ ದಿನವೇ ಎರ್ರಿಸ್ವಾಮಿ ಕುಂಬಳದ ಹೊಲದ ಕೊನೆಯ ಸಾಲನ್ನು ಬುಡಸಮೇತ ಕಿತ್ತು ಎಮ್ಮೆಗೆ ಹಾಕಿದ. ಒಂದು ಕಾಯಿಯೂ ಹಿಡಿಯದ ಸಾಲು. ಸರ್ಕಾರದವರು ಬಂದಾಗ ಹರಕು ಚಾಪೆಯನ್ನು ಯಾರಾದರೂ ಪಡಸಾಲೆಯಲ್ಲಿ ಹಾಸುತ್ತಾರೆಯೇ? ಹೆಂಡತಿ ಕೊಟ್ರಬಸಮ್ಮ ಬರುವವರಿಗೆಂದು ಮಂಡಾಳ ಒಗ್ಗರಣೆ ಮಾಡಲು ಮನೆಗೆ ಹೋಗಿದ್ದಳು.

ಆ ಸಾಲನ್ನು ಅವಳು ಗಂಡನಿಗೂ ಹೇಳದೆ ತಿಂಗಳಿಡೀ ಬೇಕೆಂದೇ ಕೈ ಮುಟ್ಟದೆ ಬಿಟ್ಟಿದ್ದಳು. ಸುತ್ತಲಿನ ಮೆಣಸಿನಕಾಯಿ ಹೊಲಗಳಿಗೆ ಔಷಧಿ ಹೊಡೆದು ಹೊಡೆದು, ಕುರುಗೋಡಿನ ಆ ಕಡೆ ಜೇನು ಕಾಣದೆ ಎರಡು ವರ್ಷವಾಗಿತ್ತು. ದಿನಾ ಬಿಸಿಲೇರುವ ಮೊದಲು ಗಂಡು ಹೂ ಕಿತ್ತು, ಹೆಣ್ಣು ಹೂವಿಗೆ ಒಂದೊಂದಾಗಿ ಒತ್ತುತ್ತಾ ಇಡೀ ಹೊಲವನ್ನು ಅವಳೇ ಬಗ್ಗಿ ಸುತ್ತಬೇಕು. ಸೊಂಟ ಬಿದ್ದುಹೋಗಿತ್ತು, ಪಾಪ. ಜೇನಿಲ್ಲವೆಂದು ಸಾಹೇಬರು ಬರೆದುಕೊಂಡರೆ ಸರ್ಕಾರ ಜೇನುಪೆಟ್ಟಿಗೆ ಕೊಡುತ್ತದೆ ಎಂದು ಕೇಳಿದ್ದಳು. ಆ ಬರಡು ಸಾಲೇ ಅವಳ ಸಾಕ್ಷಿ.

ಮಧುಸೂದನ ಸಾಹೇಬರು ಜೀಪಿಳಿದಾಗ ಹನ್ನೊಂದು ಗಂಟೆ. ಸಿರುಗುಪ್ಪದಲ್ಲಿ ಮೀಟಿಂಗ್ ತಡವಾಯಿತಂತೆ. ಕುಂಬಳದ ಹೂಗಳು ಆಗಲೇ ಮುಚ್ಚಿಕೊಂಡಿದ್ದವು. ಒಳ್ಳೆಯ ಮನುಷ್ಯ, ನಿಯಮದಂತೆ ಹದಿನೈದು ನಿಮಿಷ ಬಿಸಿಲಲ್ಲೇ ನಿಂತರು. ಒಂದು ಹುಳವೂ ಸುಳಿಯಲಿಲ್ಲ. ಆದರೆ ಹೂ ಮುಚ್ಚಿದ್ದರೆ ಆ ಎಣಿಕೆ ನಡೆಯುವುದಿಲ್ಲವಂತೆ. ಕಾಯಿ ನೋಡಿ ಹುಳ ಎಷ್ಟಿವೆಯೆಂದು ಅಂದಾಜು ಮಾಡಬೇಕಂತೆ.

ಕಾಯಿಗೇನು ಬರ? ಎಲೆ ಸರಿಸಿದಲ್ಲೆಲ್ಲ ಕುಂಬಳ.

“ಅವೆಲ್ಲ ನಾನು ಕಟ್ಟಿಸಿದ್ದು ಸಾಹೇಬ್ರ,” ಎಂದಳು ಕೊಟ್ರಬಸಮ್ಮ. “ಜೇನಲ್ಲ, ಈ ಕೈ.”

ಫಾರಂನಲ್ಲಿ ಕೈಗೆ ಕಾಲಂ ಇರಲಿಲ್ಲ. ಕೈ ಹಚ್ಚದ ಬಳ್ಳಿ ಒಂದನ್ನಾದರೂ ತೋರಿಸಿದರೆ ಖಂಡಿತ ಬರೆಯುತ್ತೇನೆ ಎಂದರು ಸಾಹೇಬರು. ಅವಳು ಗೆದ್ದವಳಂತೆ ಹೊಲದ ಕೊನೆಗೆ ಕರೆದೊಯ್ದಳು. ಅಲ್ಲಿ ಕೆದರಿದ ಮಣ್ಣು ಬಿಟ್ಟು ಬೇರೇನೂ ಇರಲಿಲ್ಲ. ಅವಳು ಗಂಡನ ಮುಖ ನೋಡಿದಳು.

“ನಮ್ಮ ಹೊಲದಾಗ ಬರಡು ಅನ್ನೋದ ಇಲ್ರೀ ಸಾಹೇಬ್ರ,” ಎಂದ ಎರ್ರಿಸ್ವಾಮಿ, ಮೀಸೆ ತಿರುವುತ್ತಾ.

ಸಾಹೇಬರು ನಿಟ್ಟುಸಿರಿಟ್ಟು ಬರೆದರು: ಪರಾಗಸ್ಪರ್ಶ ಮಾಡುವ ಕೀಟಗಳು, ಸಮೃದ್ಧ. ಆಹಾರ ಭದ್ರತೆಗೆ ಆತಂಕವಿಲ್ಲ. ಜೇನುಪೆಟ್ಟಿಗೆ ಅಗತ್ಯವಿಲ್ಲ. ಎರ್ರಿಸ್ವಾಮಿ ದಪ್ಪನೆಯ ಎರಡು ಕುಂಬಳಕಾಯಿ ಆರಿಸಿ, ಬೇಡವೆಂದರೂ ಕೇಳದೆ ಜೀಪಿನಲ್ಲಿಟ್ಟ.

ಜೀಪು ಹೋದಮೇಲೆ, ಇಡೀ ತಾಲ್ಲೂಕಿಗೆ ನಮ್ಮ ಹೊಲವೇ ಒಂದನೇ ನಂಬರು ಎಂದು ಹಿಗ್ಗಿದ. ಕೊಟ್ರಬಸಮ್ಮ ಸೊಂಟಕ್ಕೆ ಕೈ ಕೊಟ್ಟು ಬದುವಿನ ಮೇಲೆ ಕುಳಿತಳು.

“ಸರ್ಕಾರದ ಕಾಗದದಾಗ ಜೇನು ಭಾಳ ಆದ್ವು ಬಿಡ್ರಿ,” ಎಂದಳು. “ಹೊಲದಾಗ ಇರೋದು ಒಂದ. ಅದಕ್ಕ ನಾಳಿಂದ ಏಳಾಕ ಆಗಂಗಿಲ್ಲ.”