ಸಣ್ಣಾಕಿ, ದೊಡ್ಡಾಕಿ

“ನಿನ್ನ ತೂಕ ಎಷ್ಟೈತೋ ಗುರಪಾದ?” ಬೆಳಗಾವಿಯಲ್ಲಿ ಪ್ಯಾರಾಚೂಟು ಮಾರುವ ಹಳೆಯ ಫೌಜಿ ಗೆಳೆಯ ಫೋನಿನ ಸ್ಪೀಕರಿನಲ್ಲಿ ಕೇಳಿದ. ಗುರಪಾದ ಹೊಟ್ಟೆ ಒಳಗೆಳೆದುಕೊಂಡು, “ಅರವತ್ತೆಂಟಪಾ” ಎಂದ.

ರೊಟ್ಟಿ ಬಡಿಯುತ್ತಿದ್ದ ಗೌರಾಳ ಕೈ ನಿಂತಿತು. ಫೌಜು ಬಿಟ್ಟು ಹದಿಮೂರು ವರ್ಷದ ಮೇಲೆ ಗಂಡನಿಗೆ ಮತ್ತೆ ಆಕಾಶದಿಂದ ಜಿಗಿಯುವ ಹುಕಿ ಬಂದಿತ್ತು. ಆಗೆಲ್ಲ ಸರ್ಕಾರದ್ದು, ಈಗ ತನ್ನದೇ ಆದ ಮೊದಲ ಪ್ಯಾರಾಚೂಟು. ಗೆಳೆಯ ಕೊರಿಯರಿನಲ್ಲಿ ಕಳಿಸಿದ್ದ, ಸಣ್ಣದೊಂದು ದೊಡ್ಡದೊಂದು ಪ್ಯಾರಾಚೂಟಿನ ಎರಡು ಫೋಟೋಗಳನ್ನು ದಿಂಬಿನ ಕೆಳಗೇ ಇಟ್ಟುಕೊಂಡಿದ್ದ. ಸಣ್ಣದರ ಮೇಲೆ ಬೆರಳಾಡಿಸುತ್ತ, “ಎಷ್ಟು ಚುರುಕ ಅದಾಳ ನೋಡು ಈ ಸಣ್ಣಾಕಿ” ಅನ್ನುತ್ತಿದ್ದ. ತನ್ನನ್ನು ಹಾಗೆ ಹೊಗಳಿದ್ದು ಯಾವಾಗಲೋ, ಗೌರಾಳಿಗೆ ನೆನಪಿರಲಿಲ್ಲ. ಆ ಫೋಟೋವನ್ನು ಒಲೆಗೆ ಹಾಕಲು ಎಷ್ಟು ಸಲ ಅವಳ ಕೈ ತುರಿಸಿತ್ತೋ!

“ಹಂಗಾದ್ರ ಸಣ್ಣದು ಕಳಸ್ತೇನಿ. ತೂಕ ಹೆಚ್ಚಿದ್ದವ್ರು ಅದನ್ನ ತಗೊಂಡ್ರ ನೆಲಕ್ಕ ಜೋರ ಬಡೀತಾರ,” ಎಂದ ಗೆಳೆಯ.

ಗೌರಾ ಹಿಟ್ಟಿನ ಕೈಯಲ್ಲೇ ಫೋನಿನತ್ತ ಧಾವಿಸಿದಳು. “ಅಣ್ಣಾರ, ಅದು ಲಗ್ನದಾಗಿನ ತೂಕರಿ! ಮೊನ್ನೆ ಸಿಂದಗಿ ಬಜಾರದಾಗ ತೊಗರಿ ತೂಗೋ ಕಾಟಾದ ಮ್ಯಾಲ ನಿಂತಾಗ ಎಂಬತ್ತಾರು ತೋರಿಸೇತಿ. ದೊಡ್ಡದು ಕಳಸ್ರಿ.”

ಆ ಕಡೆ ಗೆಳೆಯ ಬಿದ್ದು ಬಿದ್ದು ನಕ್ಕ. “ಮಾನ ಕಳದಿ ಗೌರಾ,” ಎಂದು ಗುರಪಾದ ಸಿಡುಕಿದ.

“ಹಾರೋದಿದ್ರ ದೊಡ್ಡಾಕಿ ಜೋಡಿ ಹಾರ್ರಿ,” ಎಂದಳು ಗೌರಾ. “ನಿಮ್ಮನ್ನ ಹೊಳ್ಳಿ ನನ್ನ ಕೈಯಾಗ ಕೊಡೋದು ಆ ಸಣ್ಣಾಕಿಗೆ ಆಗಂಗಿಲ್ಲ.”